ಎಂಟು ಸೀಟಿನ ವ್ಯಾನು, ಆರು ಊರು, ಒಂದೇ ದಿನ: ಬುಕ್ ಮಾಡಬಹುದಾ?

ಪ್ರಶ್ನೆ: ನಾವು ಚಿತ್ರದುರ್ಗದವರು. ನನಗೆ 63, ನಮ್ಮೆಜಮಾನರಿಗೆ 68. ಮಗಳು ಫ್ರಾನ್ಸ್‌ನಲ್ಲಿ, ನೀಸ್ ನಗರದ ಹತ್ತಿರ ಸೋಫಿಯಾ ಆಂಟಿಪೊಲಿಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಮನೆ ಆಂಟೀಬ್ ಅನ್ನೋ ಊರಲ್ಲಿ. ಸೆಪ್ಟೆಂಬರ್‌ನಲ್ಲಿ ಮೂರು ವಾರ ಅವಳ ಹತ್ತಿರ ಇರುತ್ತೇವೆ. ವಾರದ ದಿನಗಳಲ್ಲಿ ಅವಳಿಗೆ ರಜೆ ಸಿಗಲ್ಲ. ಅದಕ್ಕೆ ಎಂಟು ಜನರ ವ್ಯಾನಿನಲ್ಲಿ ಗೈಡ್ ಜೊತೆ ಒಂದೇ ದಿನದಲ್ಲಿ ಕಾನ್, ಆಂಟೀಬ್, ಸೇಂಟ್ ಪಾಲ್ ದ ವಾನ್ಸ್, ನೀಸ್, ಎಜ್, ಮೊನಾಕೊ ತೋರಿಸುವ ಟೂರ್ ಬುಕ್ ಮಾಡ್ತೀನಿ ಅಂತಾಳೆ. ನಮ್ಮೆಜಮಾನರಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ದುಡ್ಡಿಗೆ ತಕ್ಕ ಹಾಗೆ ಇರುತ್ತಾ, ಇಲ್ಲಾ ಸುಮ್ನೆ ಸುಸ್ತಾ?

ಉತ್ತರ: ಮಗಳ ಪಟ್ಟಿಯನ್ನು ಇನ್ನೊಂದು ಸಲ ಓದಿ. ಅದರಲ್ಲಿ ಆಂಟೀಬ್ ಇದೆ. ನೀವು ಮೂರು ವಾರ ಇರುವುದೇ ಆಂಟೀಬ್‌ನಲ್ಲಿ. ದಿನಾ ಬೆಳಗ್ಗೆ ಹಾಲು ತರೋಕೆ ಹೋಗುವ ಬೀದಿಯನ್ನು ದುಡ್ಡು ಕೊಟ್ಟು, ಗೈಡ್ ಇಟ್ಟುಕೊಂಡು, ನಲವತ್ತು ನಿಮಿಷದಲ್ಲಿ ನೋಡಬೇಕಾ?

ಈ ಟೂರ್ ಬೇಡ ಅಂತಲೇ ನನ್ನ ಉತ್ತರ. ಆದರೆ ಸಣ್ಣ ಗುಂಪಿನ ಟೂರೇ ಬೇಡ ಅಂತಲ್ಲ. ನಿಮ್ಮಂಥವರಿಗೆ ಅದು ಒಳ್ಳೆಯದೇ. ಯಾವ ಊರಿಗೆ ವ್ಯಾನು ಬೇಕು, ಯಾವುದಕ್ಕೆ ಬೇಡ ಅಂತ ಮೊದಲು ಬೇರೆ ಮಾಡಿಕೊಳ್ಳಬೇಕು, ಅಷ್ಟೆ.

ಅಲ್ಲಿನ ನಕ್ಷೆ ಹೀಗಿದೆ. ಸಮುದ್ರದ ಅಂಚಿನಲ್ಲೇ ಒಂದು ರೈಲು ದಾರಿ. ಪಶ್ಚಿಮದಿಂದ ಪೂರ್ವಕ್ಕೆ ಕಾನ್, ಆಂಟೀಬ್, ನೀಸ್, ಮೊನಾಕೊ, ಎಲ್ಲವೂ ಅದೇ ಹಳಿಯ ಮೇಲಿವೆ. ನಮ್ಮಲ್ಲಿ ಹರಿಹರ, ದಾವಣಗೆರೆ, ಚಿಕ್ಕಜಾಜೂರು ಒಂದೇ ಲೈನಿನಲ್ಲಿ ಇರೋ ಹಾಗೆ. ಆಂಟೀಬ್‌ನಲ್ಲಿ ಹತ್ತಿದರೆ ಅರ್ಧ ಗಂಟೆಯೊಳಗೆ ನೀಸ್, ಸುಮಾರು ಒಂದು ಗಂಟೆಯಲ್ಲಿ ಮೊನಾಕೊ. ಕಾನ್ ಅಂತೂ ಪಕ್ಕದಲ್ಲೇ. ಲೋಕಲ್ ರೈಲುಗಳು ದಿನವಿಡೀ ಓಡುತ್ತವೆ. ಈ ನಾಲ್ಕು ಊರಿಗೆ ವ್ಯಾನು ದಂಡ. ಜಾಸ್ತಿ ಅಂದರೆ ಟ್ರಾಫಿಕ್‌ನಲ್ಲಿ ಕೂತು ರೈಲು ಹೋಗೋದನ್ನು ನೋಡಬಹುದು.

ಬೆಟ್ಟದ ಊರುಗಳ ಕಥೆ ಬೇರೆ. ಎಜ್, ಸೇಂಟ್ ಪಾಲ್, ಗೂರ್ದೋನ್, ಲಾ ತುರ್ಬಿ, ಇವೆಲ್ಲ ಹಳಿಯಿಂದ ದೂರ, ಎತ್ತರದಲ್ಲಿವೆ. ಬಸ್ಸು ಇದೆ, ಆದರೆ ಕಾಯಬೇಕು, ತಿರುವುಗಳಲ್ಲಿ ನಿಂತು ಹೋಗಬೇಕಾಗಬಹುದು. ಮಂಡಿನೋವು ಇರುವವರಿಗೆ ವ್ಯಾನು ಬೇಕಾಗೋದು ಇಲ್ಲೇ.

ನಾನೂ ಒಮ್ಮೆ ಮಗಳ ಹಾಗೇ ಲೆಕ್ಕ ಹಾಕಿದ್ದೆ. ದಾವಣಗೆರೆಯ ಆರು ಜನರನ್ನು ಮೊದಲ ಸಲ ಆ ಕಡೆ ಕರೆದುಕೊಂಡು ಹೋದಾಗ, 'ಒಂದೇ ದಿನದಲ್ಲಿ ಎಲ್ಲಾ ಮುಗಿಸೋಣ' ಅಂತ ಇಂಥದ್ದೇ ಟೂರ್ ಹಿಡಿದೆ. ಎಜ್‌ನಲ್ಲಿ ಸಿಕ್ಕಿದ್ದು ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಶೌಚಾಲಯದ ಸಾಲಿನಲ್ಲಿ ಹೋಯಿತು. ಗುಂಪಿನ ಹಿರಿಯರೊಬ್ಬರು ಅರ್ಧ ಹತ್ತಿ ಒಂದು ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. 'ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ' ಅಂದರು. ನಾವು ಮೇಲೆ ಹೋಗಿ ಫೋಟೊ ತೆಗೆದು ಓಡಿ ಬಂದೆವು. ಸಂಜೆ ಹೋಟೆಲಿನಲ್ಲಿ ಯಾವ ಫೋಟೊ ಯಾವ ಊರಿನದು ಅಂತ ಜಗಳ. ಇವತ್ತಿಗೂ ಆ ಜಗಳ ಬಗೆಹರಿದಿಲ್ಲ.

ಲೆಕ್ಕ ನೀವೇ ಹಾಕಿ ನೋಡಿ. ಬೆಳಗ್ಗೆ 9ರಿಂದ ಸಂಜೆ 6, ಅಂದರೆ ಒಂಬತ್ತು ಗಂಟೆ. ನೀಸ್‌ನಿಂದ ಪಶ್ಚಿಮಕ್ಕೆ ಕಾನ್ ಸುಮಾರು 33 ಕಿಲೋಮೀಟರ್. ಪೂರ್ವಕ್ಕೆ ಮೊನಾಕೊ ಸುಮಾರು 20. ಒಂದು ಆ ತುದಿ, ಇನ್ನೊಂದು ಈ ತುದಿ. ನಡುವೆ ಸೇಂಟ್ ಪಾಲ್‌ಗೆ ಒಳಗೆ ತಿರುಗಬೇಕು, ಎಜ್‌ಗೆ ಮೇಲೆ ಹತ್ತಬೇಕು. ದೂರ ಕಡಿಮೆ ಅನ್ನಿಸುತ್ತೆ. ಆದರೆ ಘಾಟಿ ತಿರುವು, ಊರೊಳಗಿನ ಟ್ರಾಫಿಕ್, ಪಾರ್ಕಿಂಗ್ ಹುಡುಕಾಟ ಸೇರಿದರೆ ಮೂರೂವರೆ ಗಂಟೆ ವ್ಯಾನಿನಲ್ಲೇ. ಊಟಕ್ಕೆ ಒಂದು ಗಂಟೆ. ಉಳಿದದ್ದು ನಾಲ್ಕೂವರೆ. ಆರು ಊರಿಗೆ ಹಂಚಿದರೆ ತಲೆಗೆ ಮುಕ್ಕಾಲು ಗಂಟೆ. ವ್ಯಾನು ನಿಲ್ಲುವ ಜಾಗದಿಂದ ಊರ ಬಾಗಿಲವರೆಗೆ ನಡೆಯೋದೂ ಅದರಲ್ಲೇ ಬಂತು.

ಅದಕ್ಕೇ ಟೂರ್ ನೋಡುವಾಗ ಊರಿನ ಹೆಸರು ಎಣಿಸಬೇಡಿ ಅಂತ ಮಗಳಿಗೆ ಹೇಳಿ. ಪ್ರತಿ ಊರಲ್ಲಿ ಎಷ್ಟು ನಿಮಿಷ ನಿಲ್ಲಿಸ್ತಾರೆ, ಅದನ್ನು ಬರೆದು ಕಳಿಸಿ ಅಂತ ಕೇಳಲಿ. ಒಳ್ಳೆಯವರು ಬರೆದು ಕಳಿಸುತ್ತಾರೆ. 'ಅದು ಆ ದಿನದ ಮೇಲೆ' ಅಂತ ಜಾರಿಕೊಂಡರೆ ಬಿಟ್ಟುಬಿಡಿ.

'ಎಂಟೇ ಜನ' ಅನ್ನೋದರ ಗುಟ್ಟನ್ನೂ ಹೇಳಿಬಿಡುತ್ತೇನೆ. ನಿಮ್ಮ ಮೇಲಿನ ಪ್ರೀತಿಯಿಂದ ಮಾಡಿದ ಲೆಕ್ಕ ಅಲ್ಲ ಅದು. ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್‌ನಲ್ಲಿ ಡ್ರೈವರ್ ಬಿಟ್ಟು ಎಂಟು ಜನರ ಗಾಡಿವರೆಗೆ ಓಡಿಸಬಹುದು. ಒಂಬತ್ತನೆಯವರು ಹತ್ತಿದರೆ ಬಸ್ಸಿನ ಲೈಸೆನ್ಸ್ ಬೇಕು. ಅದಕ್ಕೇ ಎಲ್ಲರ ವ್ಯಾನಿನಲ್ಲೂ ಎಂಟೇ ಸೀಟು. ನಮ್ಮ ಟೆಂಪೊ ಟ್ರಾವೆಲರ್ ಅಂದುಕೊಂಡು ಹೋಗಬೇಡಿ, ಕಾಲು ಚಾಚೋಕೆ ಅಷ್ಟು ಜಾಗ ಇರಲ್ಲ. ಮಂಡಿನೋವು ಅಂತ ಬುಕಿಂಗ್ ಮಾಡುವಾಗಲೇ ಬರೆದು, ಡ್ರೈವರ್ ಪಕ್ಕದ ಸೀಟು ಕೇಳಿ. ಆ ದಾರಿಗಳಲ್ಲಿ ತಲೆಸುತ್ತು ಬರುವವರಿಗೂ ಅದೇ ಒಳ್ಳೆಯ ಸೀಟು.

ಗೈಡ್ ಅಂದರೂ ಅಷ್ಟೆ. ಬಹಳಷ್ಟು ಕಡೆ ಗಾಡಿ ಓಡಿಸುವವರೇ ಗೈಡ್. ಸ್ಟಿಯರಿಂಗ್ ಹಿಡಿದು ಕಥೆ ಹೇಳುತ್ತಾರೆ, ಚೆನ್ನಾಗೇ ಹೇಳುತ್ತಾರೆ. ಆದರೆ ಫ್ರಾನ್ಸ್‌ನಲ್ಲಿ ಮ್ಯೂಸಿಯಂ, ಸ್ಮಾರಕಗಳ ಒಳಗೆ ಟೂರ್ ಕಂಪನಿಯ ಪರವಾಗಿ ವಿವರಿಸಿ ಕರೆದುಕೊಂಡು ಹೋಗೋಕೆ ಸರ್ಕಾರದ ಗೈಡ್ ಕಾರ್ಡ್ ಇರಬೇಕು. ಡ್ರೈವರ್ ಗೈಡ್‌ಗಳಲ್ಲಿ ಅದು ಎಲ್ಲರ ಹತ್ತಿರ ಇರುವುದಿಲ್ಲ. ಹಾಗಾಗಿ ಊರ ಬಾಗಿಲಲ್ಲಿ ಇಳಿಸಿ 'ಇಷ್ಟು ಹೊತ್ತಿಗೆ ಇಲ್ಲೇ ಬನ್ನಿ' ಅನ್ನುತ್ತಾರೆ. ಒಳಗೆ ನೀವಿಬ್ಬರೇ. ನಿಮ್ಮ ಇಂಗ್ಲಿಷ್ ಚಿಂತೆ ಅರ್ಧ ಇಲ್ಲೇ ಮುಗಿಯಿತು. ಇನ್ನರ್ಧಕ್ಕೆ ಒಂದು ಉಪಾಯ: ವಾಪಸ್ ಬರಬೇಕಾದ ಸಮಯವನ್ನು ಡ್ರೈವರ್ ಕೈಯಲ್ಲಿ ನಿಮ್ಮ ಫೋನಿನಲ್ಲೇ ಬರೆಸಿಕೊಳ್ಳಿ. ಅಲ್ಲಿ 24 ಗಂಟೆ ಲೆಕ್ಕ. 15.30 ಅಂದರೆ ಮೂರೂವರೆ. ಐದೂವರೆ ಅಂದುಕೊಂಡು ಕಾಫಿ ಕುಡಿಯುತ್ತಾ ಕೂತವರನ್ನು ನಾನು ನೋಡಿದ್ದೇನೆ.

ಹಾಗಾದರೆ ಏನು ಬುಕ್ ಮಾಡಬೇಕು? ನೀಸ್‌ನಿಂದ ಹೊರಡುವ ಅರ್ಧ ದಿನದ ಟೂರ್. ಎಜ್, ಲಾ ತುರ್ಬಿ, ಮೊನಾಕೊ, ಮೂರೇ ಊರು. ಬೆಳಗಿನದ್ದೇ ಹಿಡಿಯಿರಿ.

ನೀಸ್‌ನಿಂದ ಮೊನಾಕೊಗೆ ಬೆಟ್ಟದ ಮೈಮೇಲೆ ಮೂರು ರಸ್ತೆಗಳಿವೆ, ಒಂದರ ಮೇಲೊಂದು. ಕೆಳಗಿನದು ಸಮುದ್ರದ ಪಕ್ಕ, ನಡುವಿನದು ಎಜ್ ಮೂಲಕ, ಮೇಲಿನದು ಲಾ ತುರ್ಬಿ ಕಡೆ. ಇವನ್ನು ಕಾರ್ನಿಶ್ ಅನ್ನುತ್ತಾರೆ. ಅಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತೆ, ಪೂರ್ವಕ್ಕೆ ಹೋಗುವಾಗ ಸಮುದ್ರವೂ ಬಲಕ್ಕೇ. ಡ್ರೈವರ್ ಪಕ್ಕದ ಸೀಟೂ ಬಲಗಡೆಯೇ ಇರುತ್ತೆ. ಯಜಮಾನರು ಅಲ್ಲಿ ಕೂತರೆ ನೀವು ಹಿಂದೆ ಬಲಗಡೆ ಕಿಟಕಿ ಹಿಡಿಯಿರಿ. ರೈಲಿನಲ್ಲಿ ಹೋದರೂ ಇದೇ ಲೆಕ್ಕ.

ಎಜ್ ನೋಡಿದ ತಕ್ಷಣ ನಿಮಗೆ ದುರ್ಗ ನೆನಪಾಗುತ್ತೆ. ಸಮುದ್ರದಿಂದ ಸುಮಾರು 400 ಮೀಟರ್ ಎತ್ತರದ ಬಂಡೆ, ಅದರ ನೆತ್ತಿಗೆ ಅಂಟಿಕೊಂಡ ಕಲ್ಲಿನ ಮನೆಗಳು. ಸಮುದ್ರದ ಕಡೆಯಿಂದ ದಾಳಿ ಬರುತ್ತೆ ಅಂತ ಜನ ಹತ್ತಿ ಕೂತ ಜಾಗ. ಒಳಗೆ ಹೋಗೋಕೆ ಒಂದು ಇಕ್ಕಟ್ಟಿನ ಕೋಟೆ ಬಾಗಿಲು. ನೇರ ದಾರಿ ಎಲ್ಲೂ ಇಲ್ಲ, ಎಲ್ಲಾ ತಿರುವು ಮುರುವು. ಏಳು ಸುತ್ತಿನ ಕೋಟೆಯಲ್ಲಿ ಓಡಾಡಿದವರಿಗೆ ಇದೆಲ್ಲ ಯಾಕೆ ಹೀಗೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಮೇಲಿದ್ದ ಕೋಟೆಯನ್ನು 1706ರಲ್ಲಿ ಫ್ರೆಂಚ್ ರಾಜ 14ನೇ ಲೂಯಿ ಕೆಡವಿಸಿದ. ಈಗ ಆ ಪಾಳು ಗೋಡೆಗಳ ಸುತ್ತ ಒಂದು ತೋಟವಿದೆ. ಒಳಗೆ ತುಂಬಾ ಪಾಪಾಸುಕಳ್ಳಿ ಜಾತಿಯ ಗಿಡಗಳು. ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. 'ಕಳ್ಳಿ ನೋಡೋಕೆ ಫ್ರಾನ್ಸ್‌ಗೆ ಬರಬೇಕಿತ್ತಾ' ಅಂತ ಯಜಮಾನರು ಕೇಳೇ ಕೇಳುತ್ತಾರೆ. ಕೇಳಲಿ. ಮೇಲಿಂದ ಸಮುದ್ರ ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಮಂಡಿ ವಿಷಯಕ್ಕೆ ಬರೋಣ. ಎಜ್ ಒಳಗೆ ಗಾಡಿ ಹೋಗಲ್ಲ. ವ್ಯಾನು ಕೆಳಗೆ ನಿಲ್ಲುತ್ತೆ. ಅಲ್ಲಿಂದ ತೋಟದ ತುದಿವರೆಗೆ ಏರುದಾರಿ ಮತ್ತು ಮೆಟ್ಟಿಲು. ನಿಧಾನವಾಗಿ ಹತ್ತಿದರೆ ಇಪ್ಪತ್ತು ನಿಮಿಷದ ಹಾದಿ. ಹೊರಡೋಕೆ ಇನ್ನೂ ಸಮಯವಿದೆ ಅಲ್ವಾ? ಒಂದು ಬೆಳಗ್ಗೆ ಇಬ್ಬರೂ ಕೋಟೆಗೆ ಹೋಗಿ. ಬಾಗಿಲಿಂದ ಏಕನಾಥೇಶ್ವರಿ ಗುಡಿವರೆಗೆ ಕೂತು ಎದ್ದು ಹತ್ತಿ, ಇಳಿದು ಬನ್ನಿ. ಅಷ್ಟು ಆದರೆ ಎಜ್ ಕಷ್ಟವಲ್ಲ. ಹತ್ತುವಾಗಿನದಕ್ಕಿಂತ ಇಳಿಯುವಾಗಿನ ನೋವು ನೋಡಿಕೊಳ್ಳಿ, ಮಂಡಿ ಸತ್ಯ ಹೇಳೋದು ಆಗಲೇ. ಎಜ್‌ನ ಕಲ್ಲುಗಳು ಜನ ತುಳಿದು ತುಳಿದು ನುಣುಪಾಗಿವೆ. ಹಿಡಿತ ಇರುವ ಶೂ ಬೇಕು, ಚಪ್ಪಲಿ ಬೇಡ. ಮಡಚುವ ಊರುಗೋಲನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿಬಿಡಿ. ಕೋಟೆಯಲ್ಲೇ ಆಗಲಿಲ್ಲ ಅಂದರೆ ಎಜ್ ಬಿಟ್ಟು ಸೇಂಟ್ ಪಾಲ್‌ಗೆ ಹೋಗಿ, ಅಲ್ಲಿ ಏರು ಕಡಿಮೆ.

ಒಂದು ಎಚ್ಚರಿಕೆ. ರೈಲಿನಲ್ಲಿ 'ಎಜ್' ಅನ್ನೋ ಸ್ಟೇಷನ್ ಬರುತ್ತೆ. ಅಲ್ಲಿ ಇಳಿದುಬಿಟ್ಟೀರಿ! ಅದು ಕೆಳಗೆ ಸಮುದ್ರದ ಪಕ್ಕದ ಎಜ್. ನೀವು ನೋಡಬೇಕಾದ ಊರು ಅಲ್ಲಿಂದ 400 ಮೀಟರ್ ಮೇಲಿದೆ. ಕಾಲುದಾರಿ ಇದೆ, ಜರ್ಮನಿಯ ತತ್ವಜ್ಞಾನಿ ನೀಚೆ ಓಡಾಡುತ್ತಿದ್ದ ದಾರಿ ಅಂತ ಅವನ ಹೆಸರನ್ನೇ ಇಟ್ಟಿದ್ದಾರೆ. ಗಟ್ಟಿ ಕಾಲಿನವರಿಗೂ ಒಂದು ಗಂಟೆಗೆ ಕಡಿಮೆ ಇಲ್ಲ. ನೀಚೆಗೆ ಮಂಡಿನೋವು ಇರಲಿಲ್ಲ ಅಂತ ಕಾಣುತ್ತೆ.

ಲಾ ತುರ್ಬಿಯಲ್ಲಿ ಜಾಸ್ತಿ ಹೊತ್ತು ಬೇಡ. ರೋಮನ್ ಚಕ್ರವರ್ತಿ ಆಗಸ್ಟಸ್ ಆಲ್ಪ್ಸ್ ಬೆಟ್ಟದ ಬುಡಕಟ್ಟುಗಳನ್ನು ಸೋಲಿಸಿದ ನೆನಪಿಗೆ ಕ್ರಿ.ಪೂ. 6ರ ಸುಮಾರಿಗೆ ಕಟ್ಟಿಸಿದ ದೊಡ್ಡ ವಿಜಯಸ್ತಂಭ ಅಲ್ಲಿದೆ. ಕಂಬಗಳಲ್ಲಿ ಕೆಲವೇ ಉಳಿದಿವೆ. ಅದಕ್ಕಿಂತ ನನಗೆ ಇಷ್ಟ, ಅಲ್ಲಿಂದ ಕೆಳಗೆ ಕಾಣುವ ಮೊನಾಕೊ. ಇಡೀ ದೇಶ ಒಂದೇ ನೋಟದಲ್ಲಿ ಮುಗಿದುಹೋಗುತ್ತೆ.

ಹೌದು, ಮೊನಾಕೊ ಬೇರೆ ದೇಶ. ಎರಡು ಚದರ ಕಿಲೋಮೀಟರ್ ಚಿಲ್ಲರೆ, ಅಂದರೆ 500 ಎಕರೆ ಚಿಲ್ಲರೆ ಜಾಗ. ನಮ್ಮ ಕಡೆ ಅಷ್ಟು ಅಡಿಕೆ ತೋಟವನ್ನು ನಾಲ್ಕೈದು ದೊಡ್ಡ ಮನೆತನ ಸೇರಿ ಇಟ್ಟುಕೊಂಡಿರುತ್ತವೆ! ಬೇರೆ ವೀಸಾ ಬೇಡ, ನಿಮ್ಮ ಷೆಂಗನ್ ವೀಸಾದಲ್ಲೇ ಹೋಗಬಹುದು. ಗಡಿಯಲ್ಲಿ ತಪಾಸಣೆ ಇಲ್ಲ, ದುಡ್ಡೂ ಯೂರೋನೇ. ಅರಮನೆ ಮುಂದೆ ದಿನಾ 11.55ಕ್ಕೆ ಕಾವಲುಗಾರರು ಬದಲಾಗುವ ಕವಾಯತು ಇರುತ್ತೆ. ಬೆಳಗಿನ ಟೂರ್ ಹಿಡಿಯಿರಿ ಅಂದದ್ದು ಇದಕ್ಕೇ. ಹೆಸರಾದ ಕ್ಯಾಸಿನೊವನ್ನು ಹೊರಗಿಂದ ನೋಡಿದರೆ ಸಾಕು. ಮೊನಾಕೊದ ಪ್ರಜೆಗಳಿಗೇ ಅಲ್ಲಿ ಜೂಜಾಡೋಕೆ ಅವಕಾಶ ಇಲ್ಲ, ಬುದ್ಧಿವಂತರು.

ಈ ಊರು ಕಡಿದಾದ ಗುಡ್ಡದ ಮೇಲಿದ್ದರೂ ಮಂಡಿನೋವಿನವರಿಗೆ ಸ್ವರ್ಗ. ಬೀದಿ ಬೀದಿಗಳ ನಡುವೆ ಸಾರ್ವಜನಿಕ ಲಿಫ್ಟುಗಳು, ಎಸ್ಕಲೇಟರುಗಳು ಇವೆ. ಯಾರೂ ದುಡ್ಡು ಕೇಳಲ್ಲ. ಆದ್ದರಿಂದ ನನ್ನ ಸಲಹೆ: ಟೂರ್ ಮುಗಿದಾಗ ವ್ಯಾನಿನಲ್ಲಿ ವಾಪಸ್ ಬರಬೇಡಿ. 'ನಾವು ಇಲ್ಲೇ ಉಳೀತೀವಿ' ಅಂತ ಡ್ರೈವರ್‌ಗೆ ಬೆಳಗ್ಗೆಯೇ ಹೇಳಿಬಿಡಿ. ಮಧ್ಯಾಹ್ನ ಆರಾಮಾಗಿ ಸುತ್ತಿ. ಆಸೆ ಇದ್ದರೆ 1910ರಲ್ಲಿ ತೆರೆದ ಸಮುದ್ರ ಮ್ಯೂಸಿಯಂ ನೋಡಿ. ಸಂಜೆ ರೈಲಿನಲ್ಲಿ ಸೀದಾ ಆಂಟೀಬ್. ಮೊನಾಕೊ ಸ್ಟೇಷನ್ ಗುಡ್ಡದ ಒಳಗಿದೆ, ಅಲ್ಲೂ ಲಿಫ್ಟ್ ಇದೆ. ರೈಲಿನ ನೂಕುನುಗ್ಗಲಲ್ಲಿ ಮಾತ್ರ ಬ್ಯಾಗು ಎದೆ ಮುಂದೆ ಇರಲಿ.

ತಿಂಗಳ ಕೊನೆಯಲ್ಲಿ ಹೋಗಬೇಡಿ. ಆ ಹೊತ್ತಿಗೆ ಮೊನಾಕೊದಲ್ಲಿ ಸಿರಿವಂತರ ಹಡಗುಗಳ ದೊಡ್ಡ ಪ್ರದರ್ಶನ ನಡೆಯುತ್ತೆ, ರಸ್ತೆಯೆಲ್ಲ ತುಂಬಿರುತ್ತೆ. ಸೆಪ್ಟೆಂಬರ್‌ನ ಮೂರನೇ ಶನಿವಾರ, ಭಾನುವಾರ ಫ್ರಾನ್ಸ್‌ನಲ್ಲಿ ಪರಂಪರೆಯ ದಿನಗಳು. ತುಂಬಾ ಸ್ಮಾರಕಗಳಿಗೆ ಪ್ರವೇಶ ಉಚಿತ. ಮಗಳಿಗೂ ರಜೆ ಇರುತ್ತೆ, ಆ ಎರಡು ದಿನ ಅವಳ ಜೊತೆ ಇಟ್ಟುಕೊಳ್ಳಿ.

ಸೇಂಟ್ ಪಾಲ್‌ಗೂ ಮಗಳ ಜೊತೆ ಒಂದು ಭಾನುವಾರ ಹೋಗಬಹುದು, ಆಂಟೀಬ್‌ನಿಂದ ದೂರ ಇಲ್ಲ. ಹದಿನಾರನೇ ಶತಮಾನದ ಕೋಟೆ ಗೋಡೆ ಬಹುಪಾಲು ಹಾಗೇ ಉಳಿದಿದೆ. ಬೀದಿಯಲ್ಲಿ ಬೆಣಚುಕಲ್ಲು ಜೋಡಿಸಿ ಹೂವಿನ ಚಿತ್ತಾರ ಮಾಡಿದ್ದಾರೆ, ರಂಗೋಲಿ ಹಾಕಿದ ಹಾಗೆ. ಚಿತ್ರಕಾರ ಮಾರ್ಕ್ ಶಗಾಲ್ ಸಮಾಧಿ ಅಲ್ಲಿನ ಸ್ಮಶಾನದಲ್ಲಿದೆ. ಬಂದವರು ಹೂವಿನ ಬದಲು ಅದರ ಮೇಲೆ ಸಣ್ಣ ಕಲ್ಲು ಇಟ್ಟು ಹೋಗುತ್ತಾರೆ, ಅದು ಯೆಹೂದಿಗಳ ಪದ್ಧತಿ. ಕಾನ್‌ನಲ್ಲಿ ಸಿನಿಮಾ ಉತ್ಸವದ ಮೆಟ್ಟಿಲ ಮುಂದೆ ಒಂದು ಫೋಟೊ ತೆಗೆದರೆ ಮುಗಿಯಿತು. ಆಂಟೀಬ್‌ನಲ್ಲಿ ಪಿಕಾಸೊ 1946ರಲ್ಲಿ ಕೆಲಸ ಮಾಡಿದ ಹಳೆಯ ಕೋಟೆಯೇ ಈಗ ಅವನ ಮ್ಯೂಸಿಯಂ. ಸೋಮವಾರ ಬಿಟ್ಟು ಯಾವತ್ತಾದರೂ ಹೋಗಿ.

ನೀಸ್‌ಗೆ ಒಂದು ಪೂರ್ತಿ ದಿನ ಕೊಡಿ. ಹಳೆಯ ಊರಿನ ಪಕ್ಕದ ಕೋಟೆ ಗುಡ್ಡಕ್ಕೆ ಉಚಿತ ಲಿಫ್ಟ್ ಇದೆ. ಆ ಕೋಟೆಯೂ 1706ರಲ್ಲೇ ನೆಲಸಮವಾಯಿತು. ದುರ್ಗದವರು ತಪ್ಪದೆ ಕೇಳಬೇಕಾದ ಕಥೆ ಇಲ್ಲೊಂದಿದೆ, ಗೈಡ್‌ಗಳು ತಾವಾಗಿ ಹೇಳೋದು ಅಪರೂಪ. 1543ರಲ್ಲಿ ಫ್ರೆಂಚರು ಮತ್ತು ತುರ್ಕರು ಸೇರಿ ನೀಸ್‌ಗೆ ಮುತ್ತಿಗೆ ಹಾಕಿದರು. ಆಗ ಕ್ಯಾತರೀನ್ ಸೆಗುರಾನ್ ಅನ್ನೋ ಒಬ್ಬ ಬಟ್ಟೆ ಒಗೆಯುವ ಹೆಂಗಸು, ಕೈಯಲ್ಲಿದ್ದ ಬಟ್ಟೆ ಬಡಿಯುವ ಹಲಗೆಯಿಂದಲೇ ಬಾವುಟ ಹಿಡಿದು ಗೋಡೆ ಹತ್ತಿದ ಸೈನಿಕನಿಗೆ ಬಾರಿಸಿ ಬಾವುಟ ಕಿತ್ತುಕೊಂಡಳಂತೆ. ನಮ್ಮ ಓಬವ್ವನ ಕೈಯಲ್ಲಿ ಒನಕೆ, ಇವಳ ಕೈಯಲ್ಲಿ ಬಟ್ಟೆ ಹಲಗೆ. ಊರು ಕೊನೆಗೆ ಶತ್ರುಗಳ ಕೈ ಸೇರಿತು, ಮೇಲಿನ ಕೋಟೆ ಮಾತ್ರ ಬೀಳಲಿಲ್ಲ. ಹಳೆಯ ಊರಿನಲ್ಲಿ ಅವಳ ಕಲ್ಲಿನ ಉಬ್ಬು ಶಿಲ್ಪ ಇದೆ. ನಾನು ಒಬ್ಬ ಗೈಡ್‌ಗೆ ಓಬವ್ವನ ಕಿಂಡಿಯ ಫೋಟೊ ತೋರಿಸಿ ಕಥೆ ಹೇಳಿದ್ದೆ. ಆಕೆ ಅಲ್ಲಿಂದ ಮುಂದೆ ತನ್ನ ಕಥೆ ಬಿಟ್ಟು ನಮ್ಮ ಕಥೆಯನ್ನೇ ಕೇಳುತ್ತಾ ಕೂತಳು.

ಊಟದ ಮಾತು ಉಳಿಯಿತು. ನೀಸ್‌ನಲ್ಲಿ ಸೊಕ್ಕಾ ಅಂತ ಒಂದು ತಿಂಡಿ ಸಿಗುತ್ತೆ. ಕಡ್ಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೆ. ಅಗಲವಾದ ತಾಮ್ರದ ತಟ್ಟೆಯಲ್ಲಿ ಹುಯ್ದು, ಕಟ್ಟಿಗೆ ಒಲೆಯಲ್ಲಿ ಬೇಯಿಸಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಬಿಸಿಬಿಸಿ ಕೊಡುತ್ತಾರೆ. ದಾವಣಗೆರೆ ಬೆಣ್ಣೆ ದೋಸೆಗೆ ಸಮ ಅಂತ ನಾನು ಹೇಳಲ್ಲ, ಆದರೆ ಹೊಟ್ಟೆಗೆ ನಮ್ಮದೇ ಅನ್ನಿಸುತ್ತೆ. ರಾಟಟೂಯಿ ಅನ್ನೋದು ಬದನೆಕಾಯಿ, ಟೊಮೆಟೊ ಹಾಕಿದ ಪಲ್ಯ, ಅದನ್ನೂ ತಿನ್ನಬಹುದು. ಮೋಸ ಹೋಗೋದು ಪಿಸಲಾದಿಯೇರ್‌ನಲ್ಲಿ. ಬರೀ ಈರುಳ್ಳಿ ಹರಡಿದ ರೊಟ್ಟಿ ತರ ಕಾಣುತ್ತೆ, ಆದರೆ ಆಂಚೊವಿ ಅನ್ನೋ ಸಣ್ಣ ಮೀನು ಸೇರಿಸಿರುತ್ತಾರೆ. ನೀಸ್ ಸಲಾಡ್‌ನಲ್ಲೂ ಮೀನು, ಮೊಟ್ಟೆ ಇರುತ್ತೆ. 'ಮಾಂಸ ಬೇಡ' ಅಂದರೆ ಅಲ್ಲಿ ಮೀನು ಬರುತ್ತೆ. ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಅಂತ ಫ್ರೆಂಚ್‌ನಲ್ಲಿ ಒಂದು ಚೀಟಿ ಬರೆದುಕೊಡೋಕೆ ಮಗಳಿಗೆ ಹೇಳಿ, ಅದನ್ನೇ ತೋರಿಸಿ. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2. ಮೂರು ಗಂಟೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತೆ.

ಟೂರಿನ ದಿನ ಮಾತ್ರ ಬುತ್ತಿ ಕಟ್ಟಿಕೊಂಡೇ ಹೋಗಿ. ಖಾರ ಮಂಡಕ್ಕಿ, ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಊರಿಂದಲೇ ಒಯ್ಯಬಹುದು. ತುಪ್ಪ, ಬೆಣ್ಣೆ ಮಾತ್ರ ಸೂಟ್‌ಕೇಸಿಗೆ ಹಾಕಬೇಡಿ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರೋದನ್ನು ಯುರೋಪಿನಲ್ಲಿ ಪ್ರಯಾಣಿಕರಿಗೆ ನಿಷೇಧಿಸಿದ್ದಾರೆ, ಏರ್‌ಪೋರ್ಟಿನಲ್ಲಿ ಸಿಕ್ಕರೆ ಎಸೆಯುತ್ತಾರೆ. ಬೆಣ್ಣೆ ಅಲ್ಲೇ ಒಳ್ಳೆಯದು ಸಿಗುತ್ತೆ, ಮಗಳ ಮನೆಯಲ್ಲೇ ಕಾಯಿಸಿಕೊಳ್ಳಿ.